ವಿರೋಧೀ ಹಿಂಸೆ ಮತ್ತು ನ್ಯಾಯನಿರ್ಣಯ

ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಸರ್ವಥಾ ತ್ಯಜಿಸತಕ್ಕದ್ದು. ಸ್ವಪರ ರಕ್ಷಣೆಗೆ ಅನಿವಾರ್ಯವಾದ ವಿರೋಧೀ ಹಿಂಸೆಯನ್ನು ಪೂರ್ಣ ತ್ಯಜಿಸುವುದು ಗೃಹಸ್ಥನಿಗೆ ಶಕ್ಯವಲ್ಲ. ಆದರೆ ಒಂದು ಪ್ರಹಾರವು ಯಾವ ಬಗೆಗೆ ಸೇರಿತೆಂದು ನಿರ್ಣಯಿಸುವುದು ಹೇಗೆ?

2007ರ ಡಿಸೆಂಬರಿನಲ್ಲಿ ಬಲ್ಗೇರಿಯದ ಸೋಫಿಯಾ ನಗರದಲ್ಲಿ ಫುಟ್‌ಬಾಲ್ ಅಭಿಮಾನಿಗಳಿದ್ದ ಗುಂಪಿನೊಡನೆ ಘರ್ಷಣೆಯಾಗಿ, ಆಸ್ಟ್ರೇಲಿಯದ ತರುಣನೊಬ್ಬನ ಚೂರಿಗೆ ಒಬ್ಬ ವಿದ್ಯಾರ್ಥಿ ಬಲಿಯಾದನು. ಗುಂಪು ಹೊಡೆಯುತ್ತಿದ್ದ ರೋಮಾ ಜನಾಂಗದವರನ್ನು ಬಿಡಿಸಲು ಹೋದೆನೆಂಬುದು ತರುಣನ ವಾದ. ನ್ಯಾಯಾಲಯವು ಅದನ್ನೊಪ್ಪದೆ 2009ರಲ್ಲಿ 20 ವರ್ಷಗಳ ಸೆರೆವಾಸ ವಿಧಿಸಿತು. 2019ರಲ್ಲಿ ಅವನಿಗೆ ಪೆರೋಲ್ ದೊರೆಯಿತು. ಸಾಕ್ಷ್ಯಗಳ ಪರಿಶೀಲನೆ ಸಮರ್ಪಕವಾಗಿತ್ತೇ ಎಂಬ ವಿವಾದ ಉಳಿಯಿತು. ಮೃತನ ತಂದೆತಾಯಿಗಳ ಶೋಕವೂ ಉಳಿಯಿತು.

ಇದೇ ಪ್ರಶ್ನೆಯನ್ನು ನಮ್ಮ ನಾಡು ಹಿಂದೆಯೇ ವಿಚಾರಿಸಿದೆ. ಮಾಣಿಕನಗರಕ್ಕೆ ಸಮೀಪದ ಬಸವಕಲ್ಯಾಣವು ಆರನೆಯ ವಿಕ್ರಮಾದಿತ್ಯನ ರಾಜಧಾನಿ. ಅಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದನು. ಮೇಲೆರಗಿ ಬಂದವನು ಬ್ರಾಹ್ಮಣನೇ ಆದರೂ, ಕೊಲ್ಲುವ ಉದ್ದೇಶವಿಲ್ಲದೆ ತಡೆಯುವಾಗ ಪ್ರಮಾದದಿಂದ ಸತ್ತರೆ ರಾಜದಂಡವಿಲ್ಲ, ಲಘು ಪ್ರಾಯಶ್ಚಿತ್ತವುಂಟು ಎಂಬುದು ಅವನ ಮತ. ಇಂದಿನ ಭಾರತೀಯ ನ್ಯಾಯ ಸಂಹಿತೆಯೂ ರಕ್ಷಣೆಗೆ ಅಗತ್ಯವಾದುದನ್ನು ಮೀರಿದ ಹಾನಿಯನ್ನು ಒಪ್ಪದು.

ಉದ್ದೇಶವು ಕಣ್ಣಿಗೆ ಕಾಣುವುದಿಲ್ಲ. ಉಭಯಪಕ್ಷಗಳ ಸಾಕ್ಷ್ಯದಿಂದಲೇ ತಿಳಿಯಬೇಕು. ಏಕಾಂತದೃಷ್ಟಿಯಿಂದ ತೀರ್ಮಾನಿಸುವುದು ಗುಂಪಿನ ಸ್ವಭಾವ. ನ್ಯಾಯಪೀಠಕ್ಕೆ ಅದು ತಕ್ಕುದಲ್ಲ. ನಿರ್ದೋಷಿಯೆಂದು ಬಿಡುಗಡೆ ಹೊಂದಿದವನೂ ಒಂದು ಜೀವ ಹೋಯಿತೆಂಬುದನ್ನು ಮರೆಯಬಾರದು. ದಂಡ ತಪ್ಪಿದರೂ ಪ್ರಾಯಶ್ಚಿತ್ತ ಉಳಿಯುವುದು ಅದಕ್ಕಾಗಿಯೇ.