ಕರ್ಮವಿಚಾರವೂ ಪರರ ವ್ಯಾಧಿಯೂ

ದುಃಖವು ಬಂದೆರಗಿದಾಗ ಅದಕ್ಕೊಂದು ಕಾರಣವನ್ನರಸುವುದು ಮನುಷ್ಯಸ್ವಭಾವ. ಆ ಅನ್ವೇಷಣೆಯಿಂದಲೇ ಒಂದೆಡೆ ವೈದ್ಯಶಾಸ್ತ್ರವೂ ಮತ್ತೊಂದೆಡೆ ಕರ್ಮಸಿದ್ಧಾಂತವೂ ಬೆಳೆದುಬಂದವು. ಇವೆರಡರ ಎಲ್ಲೆಗಳನ್ನು ಅಳಿಸಿಬಿಟ್ಟರೆ ಎಂಥ ಅನ್ಯಾಯವಾದೀತೆಂಬುದಕ್ಕೆ ಎಚ್‌ಐವಿ ಸೋಂಕಿಗಿಂತ ಸ್ಪಷ್ಟವಾದ ನಿದರ್ಶನವನ್ನು ನಾನರಿಯೆ. 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರೂ ಅವರ ವಿದ್ಯಾರ್ಥಿನಿ ನಿರ್ಮಲಾ ಅವರೂ ಭಾರತದಲ್ಲಿ ಇದನ್ನು ಮೊದಲು ಕಂಡುಹಿಡಿದದ್ದು ವೇಶ್ಯಾವೃತ್ತಿಯಲ್ಲಿದ್ದ ಸ್ತ್ರೀಯರ ರಕ್ತದಲ್ಲಿ. ವ್ಯಾಧಿ ಎಲ್ಲಿ ಕಂಡಿತೋ ಅಲ್ಲಿಯ ಪಾಪವೇ ಅದರ ಮೂಲವೆಂದು ಲೋಕ ತೀರ್ಪಿತ್ತುಬಿಟ್ಟಿತು.

ದೇಹದೊಳಗೆ ನಡೆಯುವುದಾದರೂ ಏನು? ರಕ್ತದ ಬಿಳಿಕಣಗಳಲ್ಲಿ ಸಿಡಿ4 ಎಂಬ ಸಹಾಯಕ ಕಣಗಳುಂಟು. ಪ್ರತಿಕಾಯಗಳನ್ನು ತಯಾರಿಸುವ ಕಣಗಳನ್ನೂ ಸೋಂಕು ತಗುಲಿದ ಕಣಗಳನ್ನು ಕೊಲ್ಲುವ ಕಣಗಳನ್ನೂ ಪ್ರೇರಿಸಿ ನಡೆಸತಕ್ಕವು ಇವೇ. ವೈರಾಣುವು ಹಿಡಿಯುವುದು ಇವುಗಳನ್ನೇ: ಒಳಹೊಕ್ಕು, ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಮಾರ್ಪಡಿಸಿ, ಕಣದ ವಂಶಲಿಪಿಯ ನಡುವೆಯೇ ಅದನ್ನು ಹೆಣೆದುಬಿಡುತ್ತದೆ; ಅಂದಿನಿಂದ ಆ ಕಣವು ಅದನ್ನು ತನ್ನ ಬರಹವೆಂದು ಓದಿ ಶತ್ರುವಿನ ಸಂತತಿಯನ್ನೇ ಬೆಳೆಸುತ್ತದೆ. ಆರೋಗ್ಯವಂತರಲ್ಲಿ ಘನ ಮಿಲಿಮೀಟರಿಗೆ ಸುಮಾರು 500ರಿಂದ 1500ರವರೆಗಿರುವ ಈ ಕಣಗಳು, ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದಂತೆ 200ಕ್ಕಿಂತ ಕೆಳಗಿಳಿದಾಗ, ಕ್ಷಯವು ತಲೆಯೆತ್ತುವ ಅಪಾಯ ಹೆಚ್ಚುತ್ತದೆ. ಅನೇಕರ ಬಾಯಲ್ಲಿ ನಿರುಪದ್ರವಿಯಾಗಿ ವಾಸಿಸುವ ಶಿಲೀಂಧ್ರವೇ ಗಂಟಲಲ್ಲಿ ಬೆಳ್ಳಗೆ ಹಬ್ಬಿ, ಒಂದು ತುತ್ತು ಗಂಜಿಯೂ ಇಳಿಯದಂತೆ ಮಾಡುತ್ತದೆ.

ಈ ವ್ಯಾಪಾರದಲ್ಲಿ ಶೀಲವನ್ನು ತೂಗುವ ತಕ್ಕಡಿ ಎಲ್ಲಿದೆ? ಪತಿಯೊಬ್ಬನನ್ನೇ ನಂಬಿದ ಗೃಹಿಣಿಗೂ, ತಾಯಿಯ ಬಸಿರಲ್ಲಿರುವ ಶಿಶುವಿಗೂ, ಪರರ ರಕ್ತವನ್ನು ಪಡೆದ ರೋಗಿಗೂ ಈ ಸೋಂಕು ತಗುಲಿದೆ. ಪೂರ್ವಜನ್ಮದ ಪಾಪವಿರಬಹುದೆಂದು ಆಸ್ತಿಕರು ಹೇಳಿಯಾರು. ನಾನೂ ಕರ್ಮವನ್ನು ನಂಬಿದವನೇ. ಆದರೆ ಪ್ರಾರಬ್ಧವೆಂಬ ವಿಚಾರವು ನೊಂದವನು ತನ್ನ ನೋವನ್ನು ತಾಳಿಕೊಳ್ಳಲು ಒದಗುವ ಊರುಗೋಲೇ ಹೊರತು, ನೋಡುವವನು ಬೀಸತಕ್ಕ ದೊಣ್ಣೆಯಲ್ಲ. ಪರರ ಸಂಚಿತವು ನಮ್ಮ ಕಣ್ಣಿಗೆ ಅಗೋಚರ; ರೋಗಿಯ ಮುಂದೆ ನಾವು ಈ ಕ್ಷಣದಲ್ಲಿ ಮಾಡುತ್ತಿರುವ ಕರ್ಮವಾದರೋ ಹಗಲಿನಷ್ಟು ಸ್ಪಷ್ಟ. ಸಿದ್ಧಾಂತವು ಸತ್ಯವಾದರೆ, ಬಾಗಿಲು ಮುಚ್ಚಿದವನ ಲೆಕ್ಕದಲ್ಲಿಯೂ ಆ ಮುಚ್ಚಿದ ಬಾಗಿಲು ಬರೆಯಲ್ಪಡುತ್ತದೆ.

2004ರಿಂದ ಸರಕಾರಿ ಎಆರ್‌ಟಿ (ವೈರಾಣುನಿರೋಧಕ ಚಿಕಿತ್ಸಾ) ಕೇಂದ್ರಗಳಲ್ಲಿ ಇದರ ಔಷಧವು ಉಚಿತವಾಗಿ ದೊರೆಯುತ್ತಿದೆ. ಅದು ವೈರಾಣುವನ್ನು ನಿರ್ಮೂಲ ಮಾಡದು. ಆದರೆ ದಿನವೂ ತಪ್ಪದೆ ಸೇವಿಸಿ, ಪರೀಕ್ಷೆಯಲ್ಲಿ ವೈರಾಣು ಕಾಣಿಸದ ಮಟ್ಟವನ್ನು ಉಳಿಸಿಕೊಂಡವರಿಂದ ದಾಂಪತ್ಯದ ಸಂಗಾತಿಗೆ ಸೋಂಕು ಹರಡುವುದಿಲ್ಲ. ನೌಕರಿಯಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಎಚ್‌ಐವಿ ಸೋಂಕಿತರನ್ನು ತಾರತಮ್ಯದಿಂದ ಕಾಣಬಾರದೆಂದು 2017ರ ಕಾಯಿದೆ ವಿಧಿಸಿದೆ. ಕಾಯಿದೆಯ ಕೈ ನೆರೆಮನೆಯ ಜಗಲಿಯವರೆಗೆ ಚಾಚದು. ಅಲ್ಲಿಗೆ ನಾವೇ ಹೋಗಬೇಕು. ಜೊತೆಯಲ್ಲಿ ಕೂತು ಉಣ್ಣುವುದರಿಂದ ಈ ಸೋಂಕು ಬಾರದು. ಓದುಗರೇ, ನಿಮ್ಮ ಬೀದಿಯಲ್ಲಿ ಅಂಥ ಮನೆಯೊಂದಿದ್ದರೆ, ಹಬ್ಬದ ದಿನಕ್ಕೆ ಕಾಯದೆ, ಅಲ್ಲಿಗೆ ಹೋಗಿ ಅವರು ಕೊಟ್ಟ ಕಾಫಿಯನ್ನು ಕುಡಿದು ಬನ್ನಿರಿ.