ಬಿಸಿಲು ಯಾರ ಸ್ವತ್ತು?



ಕಳೆದ ಬೇಸಿಗೆಯಲ್ಲಿ ಅಕ್ಕಲಕೋಟೆಯ ಅಡತಿ ವ್ಯಾಪಾರಸ್ಥರೊಬ್ಬರ ಮನೆಗೆ ಹೋಗಿದ್ದೆವು. ಮಾಳಿಗೆಯ ಮೇಲೆ ಹೊಸದಾಗಿ ಹಾಕಿಸಿದ 3 ಕಿಲೋವ್ಯಾಟಿನ ಸೌರಫಲಕಗಳಿದ್ದವು. ಒಳಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಪಂಖಾ ತಿರುಗುತ್ತಿತ್ತು, ಹಾಡುಹಗಲಲ್ಲಿ ದೀಪ ಉರಿಯುತ್ತಿತ್ತು. ಆರಿಸಲು ಎದ್ದರೆ ಯಜಮಾನರು ನಕ್ಕರು: "ಇರಲಿ ಬಿಡ್ರಿ. ಬಿಸಿಲು ನಮ್ಮ ಮಾಳಿಗೀ ಮ್ಯಾಲಿಂದು, ರೊಕ್ಕ ನಮ್ದು. ಯಾರ ಗಂಟು ಹೋಗ್ತದ?"

ಆ ಪ್ರಶ್ನೆಗೆ ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಅವರು ಕದ್ದವರಲ್ಲ, ಬಿಲ್ಲು ಬಾಕಿ ಇಟ್ಟವರೂ ಅಲ್ಲ. ದುಡಿದ ಹಣದಿಂದ ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ. ಹಾಗಿದ್ದರೆ ನಮ್ಮ ಮನಸ್ಸು ಯಾಕೆ ಒಪ್ಪಲಿಲ್ಲ?

ಮೊದಲು ರೊಕ್ಕದ ಮಾತು. 2024ರ ಫೆಬ್ರವರಿಯಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನ ಫಲಕಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದರು. ಅವರಿಗೂ ಅದು ದೊರಕಿತ್ತು. ಆ ಹಣ ಸರಕಾರದ ಬೊಕ್ಕಸದ್ದು. ಬೆಂಕಿಪೆಟ್ಟಿಗೆ ಕೊಳ್ಳುವ ಕೂಲಿಕಾರನ ತೆರಿಗೆಯೂ ಅದರಲ್ಲಿ ಕೂಡಿದೆ.

ಇನ್ನು ಬಿಸಿಲಿನ ಮಾತು. ಹಗಲು ನಾವು ಬಳಸಿ ಉಳಿದ ವಿದ್ಯುತ್ತು ತಂತಿಯ ಮೂಲಕ ಹೊರಗೆ ಹೋಗಿ ಅಕ್ಕಪಕ್ಕದವರಿಗೆ ಒದಗುತ್ತದೆ. ರಾತ್ರಿ ಅದೇ ತಂತಿಯಿಂದ ನಾವು ಪಡೆಯುತ್ತೇವೆ. ಬರಿದಾದ ಕೋಣೆಯಲ್ಲಿ ಒಂದು ಯೂನಿಟ್ ಹಾಳಾದರೆ, ಆ ಒಂದು ಯೂನಿಟ್ಟನ್ನು ಬೇರೆಲ್ಲೋ ಹುಟ್ಟಿಸಬೇಕು. ಸೋಲಾಪುರದ ಬಳಿಯೇ 1320 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರವಿದೆ. ಅದಕ್ಕೆ ನೀರು ಉಜನಿ ಜಲಾಶಯದ್ದು. ನಮ್ಮ ರೈತರ ಕಾಲುವೆಗೂ ಸೋಲಾಪುರದ ಕೊಡಕ್ಕೂ ಬರುವುದು ಅದೇ ನೀರು. ಯಾರ ಗಂಟು ಹೋಗುತ್ತದೆ ಎಂಬುದಕ್ಕೆ ಇದೇ ಉತ್ತರ.

12ನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದರು. ಬೆವರು ಕಟ್ಟಿದವರದು, ನೀರು ಎಲ್ಲರದು. ಫಲಕವೂ ಹಾಗೆಯೇ. ಹಾಕಿಸಿದ್ದು ಕಾಯಕ, ಉಳಿದದ್ದು ಇನ್ನೊಬ್ಬರಿಗೆ ಮುಟ್ಟುವಂತೆ ಮಿತವಾಗಿ ಬಳಸುವುದು ದಾಸೋಹ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಕೆಲಸ ಅರ್ಧಕ್ಕೆ ನಿಂತಂತೆ.

ಆದ್ದರಿಂದ ಫಲಕಕ್ಕಿಂತ ಮೊದಲು ಮನೆಯನ್ನು ನೋಡಬೇಕು. ಹಳೆಯ ಪಂಖಾ ಸುಮಾರು 75 ವ್ಯಾಟ್ ಉಣ್ಣುತ್ತದೆ. ಹೊಸ ಬಿಎಲ್‌ಡಿಸಿ ಪಂಖಾಕ್ಕೆ ಸುಮಾರು 30 ಸಾಕು. ನಾಲ್ಕು ಪಂಖಾ ದಿನಕ್ಕೆ 10 ತಾಸು ತಿರುಗಿದರೆ 3 ಯೂನಿಟ್ಟಿನ ಬದಲು 1.2 ಯೂನಿಟ್, ತಿಂಗಳಿಗೆ 54 ಯೂನಿಟ್ ಉಳಿತಾಯ. 1 ಕಿಲೋವ್ಯಾಟ್ ಫಲಕ ದಿನಕ್ಕೆ ಕೊಡುವುದೇ ಸುಮಾರು 4 ಯೂನಿಟ್. ಅದರ ಅರ್ಧದಷ್ಟು ಇಲ್ಲಿಯೇ ದಕ್ಕಿತು. ಹಿರಿಯರ ಮಣ್ಣಿನ ಮಾಳಿಗೆ, ದಪ್ಪ ಕಲ್ಲುಗೋಡೆ ವೈಶಾಖದಲ್ಲೂ ತಂಪಾಗಿರುತ್ತಿದ್ದವು. ಈಗ ಸಿಮೆಂಟಿನ ಚಾವಣಿ, ಪತ್ರಾಸು ಬಂದಿವೆ. ಅವಕ್ಕೆ ಬಿಳಿ ಸುಣ್ಣ ಬಳಿದರೂ ಒಳಗಿನ ಕಾವು ಇಳಿಯುತ್ತದೆ.

ಆದರೆ ಮಿತವೆಂದರೆ ಜಿಪುಣತನವಲ್ಲ. ಮುದುಕಿ ತಾಯಿ ಬೆವರುತ್ತಿರುವಾಗ ಪಂಖಾ ನಿಲ್ಲಿಸುವುದು, ಓದುವ ಮಗುವಿನ ದೀಪ ಆರಿಸುವುದು ಉಳಿತಾಯವಲ್ಲ, ನಿರ್ದಯ. ಜನರಿಗೆ ಬೇಕಾದದ್ದಕ್ಕೆ ಕೈ ಬಿಗಿಯುವುದು ಬೇಡ. ಯಾರಿಗೂ ಬೇಡವಾದದ್ದಕ್ಕೆ ಕೈ ಬಿಡುವುದೂ ಬೇಡ.

ಆ ಯಜಮಾನರಿಗೆ ಇದನ್ನೆಲ್ಲ ಅಂದು ಹೇಳಲಾಗಲಿಲ್ಲ, ಇಂದು ಹೇಳುತ್ತಿದ್ದೇವೆ. ನಮಗೂ ಹೇಳಿಕೊಳ್ಳುತ್ತಿದ್ದೇವೆ. ಬಿಲ್ಲು ಸೊನ್ನೆಯಾದ ಮನೆಯಲ್ಲಿ ಕೋಣೆ ಬಿಟ್ಟು ಹೊರಡುವಾಗ ಗುಂಡಿ ಆರಿಸುವ ಕೈ ಹಣಕ್ಕಾಗಿ ಆರಿಸುವುದಿಲ್ಲ. ಅದೇ ಅದರ ಹೆಚ್ಚಳ.