ಮುದ್ರೆ ಬೀಳದ ಸ್ಟಾಂಪು

ನಿಮ್ಮ ಮನೆಗೆ ಬಂದ ಕಾಗದದ ಸ್ಟಾಂಪಿನ ಮೇಲೆ ಟಪ್ಪಾಲಿನ ಮುದ್ರೆ ಬೀಳದೆ ಇದ್ದದ್ದನ್ನು ಎಂದಾದರೂ ಕಂಡಿದ್ದೀರೋ? ಅದನ್ನು ನೀರಿನಲ್ಲಿ ನೆನೆಯಿಸಿ ಬಿಡಿಸಿ ಮತ್ತೊಂದು ಕಾಗದಕ್ಕೆ ಅಂಟಿಸಿದರೆ ಯಾರಿಗೂ ತಿಳಿಯಲಾರದು. ಹಾಗೆ ಮಾಡಬಹುದೋ? ಪ್ರಶ್ನೆಯು ಬಿಡಿಕಾಸಿನಷ್ಟು ಚಿಕ್ಕದಾಗಿ ತೋರಿದರೂ ಅದರ ಉತ್ತರವು ಮನುಷ್ಯನ ಶೀಲವನ್ನೇ ಮುಟ್ಟುವದು.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಹೀಗೆಯೇ ನಡೆಯಿತು. ಮದುವೆಯಾಗಿ ದೂರದ ಊರಿಗೆ ಹೋಗಿದ್ದ ಅಕ್ಕನು, ಹೆರಿಗೆಗೆ ತವರಿಗೆ ಬರಲೋ ಬೇಡವೋ ಎಂದು ಕೇಳಿ ಬರೆದಿದ್ದಳು. ಆ ದಿನ ಮನೆಯಲ್ಲಿ ಸ್ಟಾಂಪಿಗೆ ಕಾಸಿರಲಿಲ್ಲ. ಲಕೋಟೆಯ ಮೇಲಿನ ಸ್ಟಾಂಪಾದರೋ ಹೊಸದರಂತೆ ಶುಭ್ರವಾಗಿತ್ತು. "ಅಪ್ಪಾ, ಇದನ್ನೇ ಬಿಡಿಸಿ ಅಂಟಿಸೋಣ" ಅಂದೆನು. ತಾಯಿಯೂ, "ಮಗಳು ದಾರಿ ನೋಡುತ್ತಿರುವಳು, ಇದರಿಂದ ಯಾರ ಗಂಟು ಹೋಗುವದು?" ಅಂದಳು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ತನ್ನ ಕೆಲಸವನ್ನು ಮಾಡಿ ಮುಗಿಸಿತು" ಎಂದು ಹೇಳಿ, ಲೇಖಣಿಯನ್ನು ಮಸಿಯಲ್ಲಿ ಅದ್ದಿ, ಸ್ಟಾಂಪಿನ ಮೇಲೆ ತಾವೇ ಅಡ್ಡಗೆರೆಯನ್ನು ಎಳೆದರು.

ಸಂತೆಯ ದಿನ ಕೋಳಿಯನ್ನು ಮಾರಿದ ಮೇಲೆಯೇ ಉತ್ತರವು ಹೋಯಿತು. ಅಕ್ಕನು ನಾಲ್ಕು ದಿನ ಹೆಚ್ಚಾಗಿ ಕಾದಳು; ತಾಯಿಯು ಆ ನಾಲ್ಕು ದಿನ ತಂದೆಯವರ ಸಂಗಡ ಸರಿಯಾಗಿ ಮಾತಾಡಲಿಲ್ಲ. ಅವರು ಮಾಡಿದ್ದು ಯುಕ್ತವೋ ಎಂದು ನಾನು ಬಹುಕಾಲ ಯೋಚಿಸಿದೆನು.

ಸ್ಟಾಂಪು ಎಂದರೇನು? ಇಂಗ್ಲೆಂಡಿನಲ್ಲಿ 1840ಕ್ಕಿಂತ ಮುಂಚೆ ಕಾಗದದ ಸಾಗಣೆಯ ಹಣವನ್ನು ಬಹುತರವಾಗಿ ಅದನ್ನು ಪಡೆಯುವವನೇ ತೆರುತ್ತಿದ್ದನು. ದೂರವು ಹೆಚ್ಚಿದ ಹಾಗೆ ದರವೂ ಹೆಚ್ಚುತ್ತಿತ್ತು. ರೋಲಂಡ್ ಹಿಲ್ ಎಂಬವರ ಸೂಚನೆಯ ಮೇರೆಗೆ ಆ ವರುಷದ ಮೇ ತಿಂಗಳಲ್ಲಿ ಒಂದು ಪೆನ್ನಿಯ ಕಪ್ಪು ಸ್ಟಾಂಪು ಹೊರಟಿತು. ನಮ್ಮ ದೇಶದಲ್ಲಿಯೂ 1854ರಲ್ಲಿ ಅರ್ಧಾಣೆಯ ಸ್ಟಾಂಪು ಬಂದು, ಕಾಲು ತೊಲದ ಕಾಗದವು ಹತ್ತಿರಕ್ಕೂ ದೂರಕ್ಕೂ ಅದೇ ದರದಲ್ಲಿ ಹೋಗುವದಾಯಿತು. ಆದದರಿಂದ ಸ್ಟಾಂಪೆಂಬದು, ಒಂದು ಸಾರಿ ಒಯ್ಯುವ ಕೂಲಿಯು ಸಂದಿದೆ ಎಂದು ಹೇಳುವ ಸಾಕ್ಷಿಯಾಗಿದೆ. ಎರಡನೆಯ ಸಾರಿ ಅಂಟಿಸಿದರೆ ಅದೇ ಸುಳ್ಳುಸಾಕ್ಷಿಯಾಗುವದು. ಕಾನೂನು ಸಹ ಇದನ್ನು ಅಪರಾಧವೆಂದು ಎಣಿಸುತ್ತದೆ.

ಈ ಶೋಧನೆಯು ಸ್ಟಾಂಪಿನಷ್ಟೇ ಹಳೆಯದು. ಮೊದಲಿನ ಕಪ್ಪು ಸ್ಟಾಂಪುಗಳ ಮೇಲೆ ಕೆಂಪು ಮಸಿಯ ಮುದ್ರೆಯನ್ನು ಒತ್ತುತ್ತಿದ್ದರು. ಆ ಮಸಿಯನ್ನು ತೊಳೆದು ತೆಗೆಯುವದು ಸುಲಭವೆಂದು ಕಂಡುಬಂದದ್ದರಿಂದ 1841ರಲ್ಲಿ ಸ್ಟಾಂಪನ್ನು ಕೆಂಪಾಗಿಯೂ ಮುದ್ರೆಯನ್ನು ಕಪ್ಪಾಗಿಯೂ ಮಾಡಿದರು. ಸರಕಾರವು ಮಸಿಯನ್ನು ಬದಲಾಯಿಸಬಹುದು. ಆದರೆ ಮುದ್ರೆಯೇ ಬೀಳದೆ ಹೋದಲ್ಲಿ ಮನುಷ್ಯನನ್ನು ಕಾಯುವದು ಯಾವದು? ಅವನ ಶೀಲವೊಂದೇ.

ಶೀಲಕ್ಕೆ ಇಂಗ್ಲಿಷಿನಲ್ಲಿ ಹೇಳುವ ಕ್ಯಾರಕ್ಟರ್ ಎಂಬ ಶಬ್ದವು ಗ್ರೀಕ್ ಭಾಷೆಯಿಂದ ಬಂದದ್ದು. ಕೊರೆದ ಗುರುತು, ಒತ್ತಿದ ಅಚ್ಚು ಎಂಬದೇ ಅದರ ಮೊದಲಿನ ಅರ್ಥ. ಆ ಕಪ್ಪು ಸ್ಟಾಂಪಿನ ಅಚ್ಚನ್ನು ಮಾಡಿದ ಬಗೆಯನ್ನು ಕೇಳಿರಿ. ಮೆದುಮಾಡಿದ ಉಕ್ಕಿನಲ್ಲಿ ರಾಣಿಯ ಮುಖವನ್ನು ಕೊರೆದು, ಬಳಿಕ ಆ ಉಕ್ಕನ್ನು ಗಟ್ಟಿಮಾಡಿ, ಅದರ ಅಚ್ಚನ್ನು ಒಂದು ಉರುಳೆಗೂ, ಉರುಳೆಯಿಂದ ತಗಡಿಗೆ 240 ಸಾರಿಯೂ ಒತ್ತಿದರು. ಮೊದಲನೆಯ ತಗಡನ್ನು ಗಟ್ಟಿಮಾಡದೆ ಉಪಯೋಗಿಸಿದ್ದರಿಂದ ಅದು ಬೇಗನೆ ಸವೆದುಹೋಗಿ, ತಿರಿಗಿ ತಿದ್ದಬೇಕಾಯಿತು.

ಶೀಲದ ಸಂಗತಿಯೂ ಹಾಗೆಯೇ. ಬಾಲ್ಯದಲ್ಲಿ ಮನಸ್ಸು ಮೆದುವಾಗಿರುವಾಗ ಗುರುತು ಸುಲಭವಾಗಿ ಬೀಳುವದು. ಆದರೆ ಕೊರೆದದ್ದು ಮಾತ್ರವೇ ಸಾಲದು. ನಷ್ಟವನ್ನು ತಾಳಿಕೊಂಡು ಅದನ್ನು ಗಟ್ಟಿಮಾಡಬೇಕು. ಒಳ್ಳೇ ಮಾತುಗಳನ್ನು ಕೇಳಿಯೂ ಅವುಗಳ ನಿಮಿತ್ತ ಒಂದು ಕಾಸನ್ನಾದರೂ ಕಳಕೊಳ್ಳದವನ ಮನಸ್ಸು ಆ ಮೊದಲನೆಯ ತಗಡಿನಂತಿರುವದು. ಕಷ್ಟದ ನಾಲ್ಕು ದಿನಗಳಲ್ಲಿ ಅದರ ಗೆರೆಗಳು ಅಳಿದುಹೋಗುವವು.

ಅಕ್ಕನು ಸುಖವಾಗಿ ತವರಿಗೆ ಬಂದಳು. ಅವಳಿಗೆ ಕೇಡೇನಾದರೂ ಆಗಿದ್ದರೆ ತಂದೆಯವರ ದುಃಖವು ಎಷ್ಟಾಗುತ್ತಿತ್ತೋ! ಸತ್ಯಕ್ಕೆ ಬೆಲೆಯಿಲ್ಲವೆಂದು ನಾನು ಹೇಳಲಾರೆನು. ಆ ಬೆಲೆಯನ್ನು ಕೆಲವು ಸಾರಿ ನಮ್ಮವರೂ ತೆರಬೇಕಾಗುವದು. ಆದಾಗ್ಯೂ ಮುಂದಿನ ವರುಷಗಳಲ್ಲಿ ಇತರರ ಹಣವು ನನ್ನ ಕೈಗೆ ಬಂದು, ಲೆಕ್ಕ ಕೇಳುವವರು ಯಾರೂ ಇಲ್ಲದಿದ್ದಾಗಲೆಲ್ಲಾ, ಆ ಮಸಿಯ ಗೆರೆಯು ನನ್ನ ಕಣ್ಣೆದುರಿಗೆ ಬಂದು ನಿಂತಿತು. ಅಂದು ತಂದೆಯವರು ಗೆರೆ ಎಳೆದದ್ದು ಸ್ಟಾಂಪಿನ ಮೇಲೆ ಮಾತ್ರವಲ್ಲ.

ನಿಮ್ಮ ಮನೆಯಲ್ಲಿಯೂ ಮಕ್ಕಳು ನೋಡುತ್ತಿರುವರು. ಅವರ ಮುಂದೆ ನೀವು ಎಳೆಯುವ ಗೆರೆ ಯಾವದು?